ನರ ಒತ್ತಿದಾಗ ಎಂ.ಆರ್.ಐ. ಏನು ಹೇಳುತ್ತದೆ, ಏನು ಹೇಳುವುದಿಲ್ಲ



"ಎಂ.ಆರ್.ಐ. ಮಾಡಿಸಿಕೊಂಡು ಬರ್ರಿ" ಎಂದು ವೈದ್ಯರು ಬರೆದುಕೊಟ್ಟ ಚೀಟಿಯನ್ನು ಹಿಡಿದು ಹೊರಗಿನ ಬೆಂಚಿನ ಮೇಲೆ ಕುಳಿತಾಗ ಮನಸ್ಸಿನಲ್ಲಿ ಹತ್ತಾರು ಪ್ರಶ್ನೆಗಳು ಏಳುವುದು ಸಹಜ. ಅಷ್ಟು ದೊಡ್ಡ ಪರೀಕ್ಷೆ ನಿಜವಾಗಿಯೂ ಬೇಕೇ? ಯಂತ್ರದೊಳಗೆ ಹೋದರೆ ಏನಾದರೂ ಅಪಾಯವುಂಟೇ? ವರದಿಯಲ್ಲಿ ಡಿಸ್ಕ್ ಉಬ್ಬಿದೆ ಎಂದು ಬಂದರೆ ಆಪರೇಷನ್ ಆಗಲೇಬೇಕೇ? ಆಪರೇಷನ್ ಆದ ಮೇಲೂ ಕಾಲಿನ ಜೋಮು ಹೋಗದಿದ್ದರೆ ನರ ಸತ್ತುಹೋಗಿದೆ ಎಂದರ್ಥವೇ? ಈ ಪ್ರಶ್ನೆಗಳಿಗೆ ತಿಳಿಯಾಗಿ ಉತ್ತರ ಕೊಡಲು ಈ ಲೇಖನ ಬರೆಯಲಾಗಿದೆ. ನಿಧಾನವಾಗಿ ಓದಿರಿ. ಓದಲು ಬಾರದವರಿಗೆ ಜೊತೆಯಲ್ಲಿ ಬಂದವರು ಓದಿ ಹೇಳಿರಿ.

ನರ ಎಂದರೆ ಯಾವುದು?

ನಮ್ಮ ಮಾತಿನಲ್ಲಿ "ನರ" ಎಂಬ ಒಂದೇ ಶಬ್ದವನ್ನು ಮೂರು ವಸ್ತುಗಳಿಗೆ ಬಳಸುತ್ತೇವೆ. ಕೈಯ ಮೇಲೆ ನೀಲಿಯಾಗಿ ಉಬ್ಬಿ ಕಾಣುವುದನ್ನೂ ನರ ಎನ್ನುತ್ತೇವೆ, ಅದು ರಕ್ತನಾಳ. ಹಿಮ್ಮಡಿಯ ಮೇಲೆ ಗಟ್ಟಿಯಾಗಿ ಕೈಗೆ ಸಿಗುವುದನ್ನೂ ನರ ಎನ್ನುತ್ತೇವೆ. ಅದು ಸ್ನಾಯುವನ್ನು ಎಲುಬಿಗೆ ಕಟ್ಟಿರುವ ಸ್ನಾಯುರಜ್ಜು. ವೈದ್ಯರು ನರ ಎನ್ನುವುದು ಇವೆರಡನ್ನೂ ಅಲ್ಲ. ಮೆದುಳು ಮತ್ತು ಬೆನ್ನುಹುರಿಯಿಂದ ಹೊರಟು ಕೈಕಾಲುಗಳ ತುದಿಯವರೆಗೆ ಹೋಗುವ ಸಂದೇಶದ ತಂತಿಯೇ ನಿಜವಾದ ನರ. "ಕೈ ಎತ್ತು" ಎಂಬ ಆಜ್ಞೆ ಅದರಲ್ಲಿ ಕೆಳಕ್ಕೆ ಹೋಗುತ್ತದೆ. "ಹಂಚು ಕಾದಿದೆ" ಎಂಬ ಸುದ್ದಿ ಅದರಲ್ಲಿಯೇ ಮೇಲಕ್ಕೆ ಬರುತ್ತದೆ.

ಬೆನ್ನುಹುರಿಯಿಂದ ಎಡಬಲಕ್ಕೆ ಒಟ್ಟು 31 ಜೊತೆ ನರಗಳು ಹೊರಡುತ್ತವೆ. ಪ್ರತಿಯೊಂದು ನರವೂ ಒಂದು ನೂಲಿನ ಲಡಿಯಂತೆ. ರಬಕವಿ-ಬನಹಟ್ಟಿಯ ನೇಕಾರ ಬಂಧುಗಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಒಂದು ಲಡಿಯಲ್ಲಿ ನೂರಾರು ಎಳೆಗಳಿರುವಂತೆ ಒಂದು ನರದಲ್ಲಿ ಸಾವಿರಾರು ಸೂಕ್ಷ್ಮ ಎಳೆಗಳಿರುತ್ತವೆ. ಅನೇಕ ಎಳೆಗಳ ಮೇಲೆ ಕೊಬ್ಬಿನಂಶದ ಒಂದು ಹೊದಿಕೆ ಇರುತ್ತದೆ. ಕರೆಂಟಿನ ತಂತಿಯ ಮೇಲಿನ ರಬ್ಬರಿನಂತೆ ಈ ಹೊದಿಕೆ ಸಂದೇಶವನ್ನು ವೇಗವಾಗಿ ಸಾಗಿಸುತ್ತದೆ.

ನಮ್ಮ ಭಾಗದಲ್ಲಿ ನರ ಒತ್ತುವುದು ಎಲ್ಲೆಲ್ಲಿ?

ನರ ಸಾಗುವ ದಾರಿಯಲ್ಲಿ ಕೆಲವು ಇಕ್ಕಟ್ಟಾದ ಜಾಗಗಳಿವೆ. ಅಲ್ಲಿ ಒತ್ತಡ ಬೀಳುವ ಸಂಭವ ಹೆಚ್ಚು. ನಾವು ಮಾಡುವ ಕಾಯಕಕ್ಕೂ ಅದಕ್ಕೂ ಸಂಬಂಧವಿದೆ.

ಸೊಂಟ: ಮುಧೋಳ, ಜಮಖಂಡಿ ಕಡೆಯ ಕಬ್ಬಿನ ಹೊಲಗಳಲ್ಲಿ ಬಗ್ಗಿ ಕಬ್ಬು ಕಡಿದು, ಹೊರೆ ಹೊತ್ತು ಟ್ರ್ಯಾಲಿಗೆ ಏರಿಸುವವರಲ್ಲಿಯೂ ದಿನವಿಡೀ ಟ್ರ್ಯಾಕ್ಟರಿನ ಮೇಲೆ ಕುಳಿತು ಕುಲುಕಾಡುವವರಲ್ಲಿಯೂ ಸೊಂಟದ ಎಲುಬುಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಹಿಂದಕ್ಕೆ ಜಾರಿ ನರದ ಬೇರನ್ನು ಒತ್ತಬಹುದು. ಆಗ ನೋವು ಪಿರ್ರೆಯಿಂದ ಕಾಲಿನ ಹಿಂಭಾಗಕ್ಕೆ ಮಿಂಚಿನಂತೆ ಇಳಿಯುತ್ತದೆ.

ಕುತ್ತಿಗೆ: ತಲೆಯ ಮೇಲೆ ಭಾರ ಹೊರುವವರಲ್ಲಿ ಹಾಗೂ ವಯಸ್ಸಾದವರಲ್ಲಿ ಕುತ್ತಿಗೆಯ ಎಲುಬು ಸವೆದು ನರಕ್ಕೆ, ಕೆಲವೊಮ್ಮೆ ಬೆನ್ನುಹುರಿಗೇ ಒತ್ತಡ ಬೀಳುತ್ತದೆ.

ಮಣಿಕಟ್ಟು: ಅಂಗೈಯ ಬುಡದಲ್ಲಿ ಒಂದು ಸಣ್ಣ ಸುರಂಗವಿದೆ. ಅದರೊಳಗೆ 9 ಸ್ನಾಯುರಜ್ಜುಗಳ ಜೊತೆಗೆ ಒಂದು ನರ ಹಾದುಹೋಗುತ್ತದೆ. ಮಗ್ಗದ ಮೇಲೆ ಒಂದೇ ರೀತಿಯ ಕೆಲಸ ಮಾಡುವವರು, ದಿನವೂ ಹಿಟ್ಟು ನಾದಿ ರೊಟ್ಟಿ ಬಡಿಯುವ ತಾಯಂದಿರು, ಗರ್ಭಿಣಿಯರು, ಥೈರಾಯ್ಡ್ ಮತ್ತು ಸಕ್ಕರೆ ಕಾಯಿಲೆ ಇದ್ದವರು ಇಲ್ಲಿ ತೊಂದರೆ ಅನುಭವಿಸಬಹುದು. ರಾತ್ರಿ ನಿದ್ದೆಯಲ್ಲಿ ಹೆಬ್ಬೆರಳು ಮತ್ತು ಅದರ ಪಕ್ಕದ ಎರಡು ಬೆರಳುಗಳು ಚುಮುಚುಮು ಎಂದು ಎಚ್ಚರವಾಗುವುದು, ಕೈ ಕೊಡವಿದರೆ ಸ್ವಲ್ಪ ಹಗುರಾಗುವುದು ಇದರ ಗುರುತು.

ಮೊಣಕಾಲಿನ ಹೊರಬದಿ: ಕಳೆ ತೆಗೆಯಲು ತಾಸುಗಟ್ಟಲೆ ಕುಕ್ಕರಗಾಲಿನಲ್ಲಿ ಕುಳಿತವರಿಗೆ ಮೊಣಕಾಲಿನ ಹೊರಬದಿಯಲ್ಲಿ ಎಲುಬಿಗೆ ಅಂಟಿಕೊಂಡು ಹೋಗುವ ನರ ಒತ್ತಿ, ಎದ್ದಾಗ ಪಾದ ಮೇಲೆತ್ತಲು ಬಾರದಂತಾಗಬಹುದು. ಚಪ್ಪಲಿ ತಾನಾಗಿಯೇ ಜಾರುತ್ತದೆ, ಬೆರಳು ನೆಲಕ್ಕೆ ತಾಗಿ ಎಡವುತ್ತದೆ.

ಒತ್ತಿದ ನರಕ್ಕೆ ಏನಾಗುತ್ತದೆ?

ಹೊಲದಲ್ಲಿ ಹನಿ ನೀರಾವರಿಯ ಪೈಪಿನ ಮೇಲೆ ಕಲ್ಲು ಬಿದ್ದಿದೆ ಎಂದುಕೊಳ್ಳಿರಿ. ಪೈಪು ಸ್ವಲ್ಪ ಚಪ್ಪಟೆಯಾಗಿದ್ದರೆ ಕಲ್ಲು ತೆಗೆದ ಕೂಡಲೇ ನೀರು ಹರಿಯುತ್ತದೆ. ಬಹಳ ದಿನ ಬಿದ್ದಿದ್ದರೆ ಪೈಪಿನ ಒಳಗೇ ಹಾನಿಯಾಗಿರುತ್ತದೆ. ಪೈಪು ಕಡಿದೇ ಹೋಗಿದ್ದರೆ ಕಲ್ಲು ತೆಗೆದರೂ ಪ್ರಯೋಜನವಿಲ್ಲ, ಜೋಡಿಸಬೇಕಾಗುತ್ತದೆ.

ನರಕ್ಕೆ ಆಗುವ ಪೆಟ್ಟನ್ನೂ ಹೀಗೆಯೇ ಮೂರು ಹಂತವಾಗಿ 1943ರಲ್ಲಿ ಇಂಗ್ಲೆಂಡಿನ ಶಸ್ತ್ರವೈದ್ಯ ಹರ್ಬರ್ಟ್ ಸೆಡನ್ ವಿಂಗಡಿಸಿದರು. ಮೊದಲನೆಯದರಲ್ಲಿ ಎಳೆಗಳು ಉಳಿದಿರುತ್ತವೆ, ಹೊದಿಕೆಗೆ ಮಾತ್ರ ಪೆಟ್ಟು ಬಿದ್ದಿರುತ್ತದೆ. ಇದು ಸಾಮಾನ್ಯವಾಗಿ ಕೆಲವು ವಾರ ಅಥವಾ ಕೆಲವು ತಿಂಗಳಲ್ಲಿ ಗುಣವಾಗುತ್ತದೆ. ಎರಡನೆಯದರಲ್ಲಿ ಒಳಗಿನ ಎಳೆ ತುಂಡಾಗಿರುತ್ತದೆ, ಆದರೆ ಅದು ಸಾಗುತ್ತಿದ್ದ ಕೊಳವೆ ಉಳಿದಿರುತ್ತದೆ. ಎಳೆ ಮತ್ತೆ ಬೆಳೆದು ಬರಬೇಕು, ಅದಕ್ಕೆ ಬಹಳ ಸಮಯ ಬೇಕು. ಮೂರನೆಯದರಲ್ಲಿ ನರ ಪೂರ್ತಿ ಹರಿದಿರುತ್ತದೆ. ಇದಕ್ಕೆ ಶಸ್ತ್ರಚಿಕಿತ್ಸೆಯೇ ಬೇಕು.

ಹೊರಗಿನಿಂದ ನೋಡಿದರೆ ಮೂರೂ ಒಂದೇ. ಕೈ ಜೋಮು, ಕೈ ಶಕ್ತಿಹೀನ. ಯಾವ ಹಂತದ್ದು ಎಂದು ತಿಳಿಯುವುದೇ ವೈದ್ಯರ ಮುಖ್ಯ ಕೆಲಸ. ಅದಕ್ಕಾಗಿ ಅವರು ಮೊದಲು ನಿಮ್ಮನ್ನು ಮುಟ್ಟಿ, ತಟ್ಟಿ, ನಡೆಸಿ ನೋಡುತ್ತಾರೆ. ನಂತರ ಬೇಕಾದರೆ ನರದ ಕರೆಂಟು ಪರೀಕ್ಷೆ ಮಾಡಿಸುತ್ತಾರೆ. ನರದ ಮೇಲೆ ಸಣ್ಣ ವಿದ್ಯುತ್ ಮಿಡಿತ ಕೊಟ್ಟು ಸಂದೇಶ ಎಷ್ಟು ವೇಗದಲ್ಲಿ ಹೋಗುತ್ತದೆ ಎಂದು ಅಳೆಯುವುದೇ ಈ ಪರೀಕ್ಷೆ. ಪೆಟ್ಟು ಬಿದ್ದು ಎರಡು-ಮೂರು ವಾರ ಕಳೆದ ಮೇಲೆ ಇದರ ಉತ್ತರ ಹೆಚ್ಚು ಖಚಿತ. ಕರೆಂಟು ಪರೀಕ್ಷೆ ನರದ ಕೆಲಸವನ್ನು ತೋರಿಸಿದರೆ, ಎಂ.ಆರ್.ಐ. ನರದ ರೂಪವನ್ನು ಮತ್ತು ಅದನ್ನು ಒತ್ತುತ್ತಿರುವುದು ಯಾವುದು ಎಂಬುದನ್ನು ತೋರಿಸುತ್ತದೆ. ಒಂದು ಇನ್ನೊಂದರ ಬದಲಿಯಲ್ಲ.

ಎಂ.ಆರ್.ಐ. ಹೇಗೆ ಕೆಲಸ ಮಾಡುತ್ತದೆ?

ಎಕ್ಸ್-ರೇ ಎಲುಬನ್ನು ಚೆನ್ನಾಗಿ ತೋರಿಸುತ್ತದೆ, ನರವನ್ನು ತೋರಿಸುವುದಿಲ್ಲ. ಎಂ.ಆರ್.ಐ.ಯಲ್ಲಿ ಎಕ್ಸ್-ರೇ ಕಿರಣಗಳೇ ಇಲ್ಲ. ಅದು ಒಂದು ಬಲವಾದ ಅಯಸ್ಕಾಂತ. ನಮ್ಮ ದೇಹದಲ್ಲಿ ಹೆಚ್ಚಿನ ಭಾಗ ನೀರು, ನೀರಿನಲ್ಲಿ ಜಲಜನಕವಿದೆ. ಜಲಜನಕದ ಕಣಗಳು ಸಣ್ಣ ಅಯಸ್ಕಾಂತಗಳಂತೆ ವರ್ತಿಸುತ್ತವೆ. ಯಂತ್ರದ ಅಯಸ್ಕಾಂತ ಅವುಗಳನ್ನು ಒಂದು ದಿಕ್ಕಿಗೆ ತಿರುಗಿಸಿ ನಿಲ್ಲಿಸುತ್ತದೆ. ನಂತರ ರೇಡಿಯೋ ತರಂಗ ಕೊಟ್ಟು ಅವುಗಳನ್ನು ಕದಲಿಸಲಾಗುತ್ತದೆ. ಅವು ಮರಳಿ ತಮ್ಮ ಜಾಗಕ್ಕೆ ಬರುವಾಗ ಸಣ್ಣ ಸಂಕೇತ ಹೊರಡಿಸುತ್ತವೆ. ಕೊಬ್ಬು, ನೀರು, ಸ್ನಾಯು, ನರ ಇವು ಬೇರೆ ಬೇರೆ ವೇಗದಲ್ಲಿ ಮರಳುವುದರಿಂದ ಚಿತ್ರದಲ್ಲಿ ಬೇರೆ ಬೇರೆ ಬಣ್ಣದ ಛಾಯೆಯಾಗಿ ಕಾಣುತ್ತವೆ.

ಈ ರೀತಿ ಚಿತ್ರ ತೆಗೆಯುವ ಉಪಾಯವನ್ನು ಅಮೆರಿಕದ ಪಾಲ್ ಲಾಟರ್‌ಬರ್ 1973ರಲ್ಲಿ ಪ್ರಕಟಿಸಿದರು. ಇಂಗ್ಲೆಂಡಿನ ಪೀಟರ್ ಮ್ಯಾನ್ಸ್‌ಫೀಲ್ಡ್ ಅದನ್ನು ವೇಗವಾಗಿಸುವ ದಾರಿ ತೋರಿದರು. ಇಬ್ಬರಿಗೂ 2003ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂದಿತು. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ 1.5 ಟೆಸ್ಲಾ ಅಥವಾ 3 ಟೆಸ್ಲಾ ಶಕ್ತಿಯ ಯಂತ್ರಗಳಿರುತ್ತವೆ. 1.5 ಟೆಸ್ಲಾ ಎಂದರೆ ಭೂಮಿಯ ಅಯಸ್ಕಾಂತ ಶಕ್ತಿಗಿಂತ ಸುಮಾರು 30,000 ಪಟ್ಟು ಹೆಚ್ಚು.

ಹೊಸ ವಿಧಾನಗಳು ಯಾವುವು?

ಸಾಮಾನ್ಯ ಎಂ.ಆರ್.ಐ. ಡಿಸ್ಕ್, ಎಲುಬು, ಬೆನ್ನುಹುರಿಗಳನ್ನು ಚೆನ್ನಾಗಿ ತೋರಿಸುತ್ತದೆ. ಆದರೆ ಕೈಕಾಲಿನಲ್ಲಿ ಸಾಗುವ ಸಣ್ಣ ನರ ಸುತ್ತಲಿನ ಕೊಬ್ಬಿನಲ್ಲಿ ಬೆರೆತು ಮಸುಕಾಗುತ್ತದೆ. ಇದನ್ನು ಸರಿಪಡಿಸಲು ಮೂರು ವಿಧಾನಗಳು ಬಂದಿವೆ.

ಮೊದಲನೆಯದು ಎಂ.ಆರ್. ನ್ಯೂರೋಗ್ರಫಿ. 1993ರಲ್ಲಿ ಏರನ್ ಫಿಲ್ಲರ್ ಮತ್ತು ಅವರ ಸಂಗಡಿಗರು ಇದನ್ನು ಪ್ರಕಟಿಸಿದರು. ಇದರಲ್ಲಿ ಕೊಬ್ಬಿನ ಸಂಕೇತವನ್ನು ಅಡಗಿಸಿ ನರವನ್ನು ಮಾತ್ರ ಎತ್ತಿ ತೋರಿಸುತ್ತಾರೆ. ಒತ್ತಡಕ್ಕೆ ಸಿಕ್ಕ ನರದಲ್ಲಿ ನೀರು ತುಂಬಿ ಬಾತುಕೊಳ್ಳುವುದರಿಂದ ಆ ಜಾಗ ಬೆಳ್ಳಗೆ ಹೊಳೆಯುತ್ತದೆ. ಎಲ್ಲಿ ದಪ್ಪಗಾಗಿದೆ, ಎಲ್ಲಿ ಚಪ್ಪಟೆಯಾಗಿದೆ, ಎಲ್ಲಿ ಹರಿದಿದೆ ಎಂಬುದು ತಿಳಿಯುತ್ತದೆ.

ಎರಡನೆಯದು ಡಿಫ್ಯೂಷನ್ ಟೆನ್ಸರ್ ವಿಧಾನ. 1994ರಲ್ಲಿ ಪೀಟರ್ ಬ್ಯಾಸರ್ ಮತ್ತು ಸಂಗಡಿಗರು ಇದಕ್ಕೆ ತಳಹದಿ ಹಾಕಿದರು. ಮತ್ತೆ ನೂಲಿನ ಲಡಿಯನ್ನೇ ನೆನೆಯಿರಿ. ಅದರ ಒಂದು ತುದಿಯನ್ನು ಬಣ್ಣದಲ್ಲಿ ಅದ್ದಿದರೆ ಬಣ್ಣ ಎಳೆಯ ಉದ್ದಕ್ಕೆ ಬೇಗ ಏರುತ್ತದೆ, ಅಡ್ಡಕ್ಕೆ ಅಷ್ಟು ಹರಡುವುದಿಲ್ಲ. ಆರೋಗ್ಯವಂತ ನರದಲ್ಲಿಯೂ ನೀರಿನ ಕಣಗಳು ಹೀಗೆಯೇ ಉದ್ದಕ್ಕೆ ಹೆಚ್ಚು ಚಲಿಸುತ್ತವೆ. ನರದ ಎಳೆ ಹಾಳಾದರೆ ನೀರು ಎಲ್ಲ ದಿಕ್ಕಿಗೂ ಹರಡುತ್ತದೆ. ಈ ವ್ಯತ್ಯಾಸವನ್ನು ಯಂತ್ರ ಸೊನ್ನೆಯಿಂದ ಒಂದರ ನಡುವಿನ ಒಂದು ಅಂಕಿಯಾಗಿ ಲೆಕ್ಕ ಹಾಕುತ್ತದೆ. ಎಳೆಗಳು ಹಾಳಾದಾಗ ಅಂಕಿ ಇಳಿಯುತ್ತದೆ, ಮರಳಿ ಬೆಳೆದಂತೆ ಏರುತ್ತದೆ. ಬಣ್ಣದ ಎಳೆಗಳಂತೆ ನರದ ಚಿತ್ರವನ್ನೂ ಬಿಡಿಸಬಹುದು.

ಮೂರನೆಯದು ಸ್ನಾಯುವಿನ ಚಿತ್ರ. ನರದ ಸಂಪರ್ಕ ಕಡಿದುಹೋದ ಸ್ನಾಯು ಕೆಲವೇ ದಿನಗಳಲ್ಲಿ ಎಂ.ಆರ್.ಐ.ಯಲ್ಲಿ ಬೆಳ್ಳಗೆ ಕಾಣತೊಡಗುತ್ತದೆ. ನರ ಮರಳಿ ತಲುಪಿದರೆ ಆ ಬಿಳುಪು ಮಾಯವಾಗುತ್ತದೆ. ತಿಂಗಳುಗಟ್ಟಲೆ ತಲುಪದಿದ್ದರೆ ಸ್ನಾಯು ಸಣಕಲಾಗಿ ಅದರ ಜಾಗದಲ್ಲಿ ಕೊಬ್ಬು ತುಂಬುತ್ತದೆ. ಕೊಬ್ಬು ತುಂಬಿದ ಸ್ನಾಯುವಿಗೆ ನರ ತಲುಪಿದರೂ ಪೂರ್ಣ ಶಕ್ತಿ ಬರುವುದು ಕಷ್ಟ. ಆದ್ದರಿಂದ ಚಿಕಿತ್ಸೆಗೆ ಇನ್ನೂ ಸಮಯವಿದೆಯೇ ಎಂಬುದನ್ನು ಈ ಚಿತ್ರ ಹೇಳುತ್ತದೆ.

ಇವು ಹೆಚ್ಚು ಉಪಯೋಗಕ್ಕೆ ಬರುವ ಒಂದು ಸಂದರ್ಭವನ್ನು ಹೇಳಲೇಬೇಕು. ಕಬ್ಬಿನ ಹಂಗಾಮಿನಲ್ಲಿ ಕತ್ತಲಲ್ಲಿ ರಸ್ತೆ ಬದಿ ನಿಂತ ಟ್ರ್ಯಾಲಿಗೆ ಬೈಕ್ ಬಡಿದು ಬಿದ್ದ ಹುಡುಗನ ಕುತ್ತಿಗೆ ಒಂದು ಕಡೆಗೆ, ಭುಜ ಇನ್ನೊಂದು ಕಡೆಗೆ ಎಳೆದು ಇಡೀ ಕೈ ಜೋತುಬೀಳಬಹುದು. ಎಲುಬು ಮುರಿಯದಿದ್ದರೂ ನರದ ಬೇರು ಬೆನ್ನುಹುರಿಯಿಂದ ಕಿತ್ತು ಬಂದಿರಬಹುದು, ಅಥವಾ ನರ ಕೇವಲ ಜಗ್ಗಿರಬಹುದು. ಜಗ್ಗಿದ್ದರೆ ಕಾಯಬಹುದು. ಕಿತ್ತಿದ್ದರೆ ಅದು ತಾನಾಗಿ ಕೂಡುವುದಿಲ್ಲ. ಬೇರೆ ನರದ ಜೋಡಣೆ ಮಾಡಬೇಕು, ಅದನ್ನು 6 ತಿಂಗಳೊಳಗೆ ಮಾಡಿದರೆ ಫಲ ಹೆಚ್ಚು. "ಎಲುಬು ಮುರಿದಿಲ್ಲ, ತಾನೇ ಸರಿಹೋಗುತ್ತದೆ" ಎಂದು ವರ್ಷ ಕಳೆದು ಬಂದರೆ ಆ ಅವಕಾಶ ಕೈತಪ್ಪುತ್ತದೆ.

ಒಂದು ಮಾತು ನೆನಪಿರಲಿ. ಈ ಹೊಸ ವಿಧಾನಗಳು ಎಲ್ಲರಿಗೂ ಬೇಕಿಲ್ಲ. ಸೊಂಟನೋವಿಗೆ ಸಾಮಾನ್ಯ ಎಂ.ಆರ್.ಐ. ಸಾಕು, ಅನೇಕ ಸಲ ಅದೂ ಬೇಡ. ಮಣಿಕಟ್ಟಿನ ತೊಂದರೆಗೆ ವೈದ್ಯರ ತಪಾಸಣೆ, ಕರೆಂಟು ಪರೀಕ್ಷೆ ಮತ್ತು ಅಲ್ಟ್ರಾಸೌಂಡ್ ಬಹುಪಾಲು ಸಾಕಾಗುತ್ತವೆ. ಡಿಫ್ಯೂಷನ್ ಅಂಕಿಯು ಯಂತ್ರದಿಂದ ಯಂತ್ರಕ್ಕೆ, ವಯಸ್ಸಿನಿಂದ ವಯಸ್ಸಿಗೆ ಬದಲಾಗುವುದರಿಂದ ಅದೊಂದನ್ನೇ ನಂಬಿ ಯಾರೂ ಆಪರೇಷನ್ ಮಾಡುವುದಿಲ್ಲ. ದುಬಾರಿ ಪರೀಕ್ಷೆ ಎಂದಮಾತ್ರಕ್ಕೆ ಒಳ್ಳೆಯ ಪರೀಕ್ಷೆ ಎಂದು ತಿಳಿಯಬೇಡಿರಿ.

ವರದಿ ಓದಿ ಹೆದರಬೇಡಿರಿ

ವರದಿ ಕೈಗೆ ಬಂದ ಕೂಡಲೇ ಮನೆಯಲ್ಲಿ ಓದು ಬಲ್ಲ ಹುಡುಗರು "ಡಿಸ್ಕ್ ಬಲ್ಜ್", "ಡಿಜನರೇಷನ್" ಎಂಬ ಶಬ್ದಗಳನ್ನು ಓದಿ ಹೇಳುತ್ತಾರೆ. ಮನೆಮಂದಿಯೆಲ್ಲ ಗಾಬರಿಯಾಗುತ್ತಾರೆ. ಆದರೆ ಈ ವಿಷಯ ಕೇಳಿರಿ. ಬೆನ್ನುನೋವೇ ಇಲ್ಲದ 3,110 ಜನರ ಚಿತ್ರಗಳನ್ನು ಒಳಗೊಂಡ 33 ಅಧ್ಯಯನಗಳನ್ನು ಒಟ್ಟುಗೂಡಿಸಿದ ಒಂದು ಪರಿಶೀಲನೆ 2015ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಯಾವ ನೋವೂ ಇಲ್ಲದ 20 ವರ್ಷದವರಲ್ಲಿ 100ಕ್ಕೆ 30 ಜನರಿಗೆ ಡಿಸ್ಕ್ ಉಬ್ಬಿರುತ್ತದೆ. 80 ವರ್ಷದವರಲ್ಲಿ 100ಕ್ಕೆ 84 ಜನರಿಗೆ ಉಬ್ಬಿರುತ್ತದೆ. ಅಂದರೆ ತಲೆಗೂದಲು ಬೆಳ್ಳಗಾದಂತೆ ಡಿಸ್ಕ್ ಕೂಡ ಸವೆಯುತ್ತದೆ. ಅದೇ ರೋಗವಲ್ಲ.

ಚಿತ್ರದಲ್ಲಿ ಒತ್ತಡ ಕಂಡ ಜಾಗ, ನಿಮ್ಮ ಜೋಮು ಇರುವ ಜಾಗ, ವೈದ್ಯರ ತಪಾಸಣೆಯಲ್ಲಿ ಸಿಕ್ಕ ಗುರುತು ಈ ಮೂರೂ ಹೊಂದಿಕೊಂಡಾಗ ಮಾತ್ರ ಆ ವರದಿಗೆ ಬೆಲೆ. ಎಡಗಾಲಿನಲ್ಲಿ ನೋವಿದ್ದು ಚಿತ್ರದಲ್ಲಿ ಬಲಭಾಗದ ಡಿಸ್ಕ್ ಉಬ್ಬಿದ್ದರೆ ನೋವಿನ ಕಾರಣ ಅದಲ್ಲ. ಆದ್ದರಿಂದ ವರದಿಯನ್ನು ಮಾತ್ರ ಬೇರೆಯವರಿಗೆ ಕಳಿಸಿ ಸಲಹೆ ಕೇಳಬೇಡಿರಿ. ರೋಗಿಯೇ ಹೋಗಬೇಕು.

ಇನ್ನೊಂದು ಸಮಾಧಾನದ ಸಂಗತಿ. ಜಾರಿದ ಡಿಸ್ಕಿನ ಭಾಗ ಅನೇಕರಲ್ಲಿ ಕೆಲವು ತಿಂಗಳಲ್ಲಿ ತಾನಾಗಿಯೇ ಕುಗ್ಗುತ್ತದೆ. ಕಾಲಿಗೆ ಇಳಿಯುವ ನೋವು ಬಹಳ ಜನರಿಗೆ ಆರೆಂಟು ವಾರಗಳಲ್ಲಿ ಔಷಧಿ ಮತ್ತು ವ್ಯಾಯಾಮದಿಂದಲೇ ಹಗುರಾಗುತ್ತದೆ. ಶಕ್ತಿ ಕುಂದದೆ ಬರಿಯ ನೋವಿದ್ದರೆ ಕಾಯುವುದು ತಪ್ಪಲ್ಲ.

ಎಲ್ಲ ಜೋಮೂ ಒತ್ತಡದಿಂದಲ್ಲ

ಎರಡೂ ಪಾದಗಳು ಒಟ್ಟಿಗೆ ಉರಿಯುವುದು, ಕಾಲುಚೀಲ ಹಾಕಿದಂತೆ ಮರಗಟ್ಟುವುದು ಬಹುತೇಕ ಸಕ್ಕರೆ ಕಾಯಿಲೆಯಿಂದ ಅಥವಾ ಬಿ-12 ಜೀವಸತ್ವದ ಕೊರತೆಯಿಂದ ಆಗುತ್ತದೆ. ಬಿ-12 ಮುಖ್ಯವಾಗಿ ಹಾಲು, ಮೊಸರು, ಮಜ್ಜಿಗೆ ಮತ್ತು ಮಾಂಸಾಹಾರದಿಂದ ದೊರೆಯುವಂಥದು. ಶಾಕಾಹಾರಿ ಮನೆಗಳಲ್ಲಿ, ಅದರಲ್ಲಿಯೂ ಎಲ್ಲರಿಗೂ ಬಡಿಸಿ ಕೊನೆಗೆ ಉಂಡು ಹಾಲು-ಮೊಸರು ತಮಗೆ ಉಳಿಸಿಕೊಳ್ಳದ ತಾಯಂದಿರಲ್ಲಿ ಈ ಕೊರತೆ ಕಾಣುತ್ತದೆ. ಇದಕ್ಕೆ ಎಂ.ಆರ್.ಐ. ಬೇಡ, ರಕ್ತ ಪರೀಕ್ಷೆ ಸಾಕು, ಚಿಕಿತ್ಸೆಯೂ ಸುಲಭ.

ಚರ್ಮದ ಮೇಲೆ ಸ್ಪರ್ಶಜ್ಞಾನವಿಲ್ಲದ ತಿಳಿಬಣ್ಣದ ಮಚ್ಚೆ ಇದ್ದು, ಮೊಣಕೈಯ ಹಿಂದಿನ ನರ ದಪ್ಪಗಾಗಿದ್ದರೆ ಕುಷ್ಠರೋಗದ ಪರೀಕ್ಷೆ ಆಗಬೇಕು. ಇದರಲ್ಲಿ ನಾಚಿಕೆಯೇನೂ ಇಲ್ಲ. ಔಷಧಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಬೇಗ ಬಂದರೆ ಕೈಬೆರಳು ಸೊಟ್ಟಗಾಗುವುದನ್ನು ತಡೆಯಬಹುದು. ಸಂಜೆ ಜ್ವರ, ತೂಕ ಇಳಿಯುವುದು, ರಾತ್ರಿ ಹೆಚ್ಚುವ ಬೆನ್ನುನೋವು ಇದ್ದರೆ ಬೆನ್ನೆಲುಬಿನ ಕ್ಷಯ ಇರಬಹುದು, ಇಲ್ಲಿ ಎಂ.ಆರ್.ಐ. ಬಹಳ ಉಪಯುಕ್ತ. ವರ್ಷಗಟ್ಟಲೆ ಫ್ಲೋರೈಡ್ ಹೆಚ್ಚಿರುವ ಕೊಳವೆಬಾವಿಯ ನೀರು ಕುಡಿದವರಲ್ಲಿ ಎಲುಬು ದಪ್ಪಗಾಗಿ ಬೆನ್ನುಹುರಿಯ ದಾರಿ ಇಕ್ಕಟ್ಟಾಗುವುದೂ ಉಂಟು. ನಿಮ್ಮ ಊರಿನ ನೀರು ಯಾವುದು ಎಂಬುದನ್ನು ವೈದ್ಯರಿಗೆ ತಿಳಿಸಿರಿ.

ಚೇತರಿಕೆಗೆ ಎಷ್ಟು ದಿನ?

ಒತ್ತಡ ತೆಗೆದ ಮೇಲೆ ನೋವು ಬೇಗ ಹೋಗುತ್ತದೆ, ಕೆಲವರಿಗೆ ಮರುದಿನವೇ. ಶಕ್ತಿ ಅದಕ್ಕಿಂತ ನಿಧಾನವಾಗಿ ಬರುತ್ತದೆ. ಜೋಮು ಎಲ್ಲಕ್ಕಿಂತ ಕೊನೆಗೆ ಹೋಗುತ್ತದೆ, ಕೆಲವರಿಗೆ ಸ್ವಲ್ಪ ಉಳಿದೂ ಬಿಡುತ್ತದೆ. "ಆಪರೇಷನ್ ಆಗಿ ತಿಂಗಳಾಯಿತು, ಪಾದ ಇನ್ನೂ ಜೋಮು, ಆಪರೇಷನ್ ಕೆಟ್ಟಿತು" ಎಂದು ಅನೇಕರು ದುಃಖಿಸುತ್ತಾರೆ. ಹಾಗಲ್ಲ, ಲೆಕ್ಕ ಹಾಕಿ ನೋಡಿರಿ.

ತುಂಡಾದ ನರದ ಎಳೆ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ. ಅಂದರೆ ತಿಂಗಳಿಗೆ ಸುಮಾರು 3 ಸೆಂಟಿಮೀಟರ್. ಮೊಣಕೈಯಲ್ಲಿ ಪೆಟ್ಟು ಬಿದ್ದ ನರ ಅಂಗೈಯ ಸ್ನಾಯು ತಲುಪಲು 30 ಸೆಂಟಿಮೀಟರ್ ಸಾಗಬೇಕು. ಅದಕ್ಕೆ ಹತ್ತು ತಿಂಗಳು ಬೇಕು. ಸೊಂಟದಿಂದ ಮೊಣಕಾಲಿನ ಕೆಳಗಿನ ಸ್ನಾಯುವಿಗೆ ದೂರ ಅದರ ಎರಡು ಪಟ್ಟಿಗಿಂತ ಹೆಚ್ಚು. ಆದರೆ ಸ್ನಾಯು ನರಕ್ಕಾಗಿ ಕಾಯುವುದು ಸುಮಾರು ಒಂದರಿಂದ ಒಂದೂವರೆ ವರ್ಷ ಮಾತ್ರ. ಆಮೇಲೆ ಅದು ಒಣಗುತ್ತದೆ. ಪಾದದ ಶಕ್ತಿ ಕುಂದಿದಾಗ "ಸುಗ್ಗಿ ಮುಗಿಯಲಿ, ಹಂಗಾಮು ಮುಗಿಯಲಿ" ಎಂದು ಮುಂದೂಡಬಾರದು ಎಂದು ನಾವು ಹೇಳುವುದು ಈ ಲೆಕ್ಕದಿಂದಲೇ. ಎಲ್ಲ ಎಳೆಗಳೂ ತುಂಡಾಗಿರದಿದ್ದರೆ ಉಳಿದ ಎಳೆಗಳು ಸ್ನಾಯುವಿನೊಳಗೇ ಕವಲೊಡೆದು ಪಕ್ಕದ ಭಾಗವನ್ನೂ ವಹಿಸಿಕೊಳ್ಳುತ್ತವೆ. ಆದ್ದರಿಂದ ಅನೇಕರು ಈ ಲೆಕ್ಕಕ್ಕಿಂತ ಬೇಗ ಚೇತರಿಸಿಕೊಳ್ಳುತ್ತಾರೆ.

ಹಾಗಾದರೆ ಗುಣವಾಗಿದೆಯೇ ಎಂದು ತಿಳಿಯಲು ಮತ್ತೆ ಎಂ.ಆರ್.ಐ. ಮಾಡಿಸಬೇಕೇ? ಸಾಮಾನ್ಯವಾಗಿ ಬೇಡ. 2013ರಲ್ಲಿ ನೆದರ್‌ಲ್ಯಾಂಡ್ಸ್ ದೇಶದ ವೈದ್ಯರು ಡಿಸ್ಕ್ ತೊಂದರೆಯ 283 ರೋಗಿಗಳನ್ನು ಕುರಿತ ಅಧ್ಯಯನ ಪ್ರಕಟಿಸಿದರು. ಒಂದು ವರ್ಷದ ನಂತರ ಮತ್ತೆ ಚಿತ್ರ ತೆಗೆದಾಗ, ಚೆನ್ನಾಗಿ ಗುಣವಾದವರಲ್ಲಿ 100ಕ್ಕೆ 35 ಜನರಲ್ಲಿ ಜಾರಿದ ಡಿಸ್ಕ್ ಇನ್ನೂ ಕಾಣುತ್ತಿತ್ತು. ಗುಣವಾಗದವರಲ್ಲಿ 100ಕ್ಕೆ 33 ಜನರಲ್ಲಿ ಕಾಣುತ್ತಿತ್ತು. ಅಂದರೆ ಚಿತ್ರ ನೋಡಿ ಯಾರು ಗುಣವಾಗಿದ್ದಾರೆ ಎಂದು ಹೇಳಲಾಗಲಿಲ್ಲ. ನೀವು ಹಿಮ್ಮಡಿಯ ಮೇಲೆ ನಡೆಯಬಲ್ಲಿರಾ, ಹರಿದ ಎಳೆಗೆ ಗಂಟು ಹಾಕಬಲ್ಲಿರಾ, ತುಂಬಿದ ತಂಬಿಗೆ ಹಿಡಿಯಬಲ್ಲಿರಾ ಎಂಬುದೇ ನಿಜವಾದ ಪರೀಕ್ಷೆ. ಹೋದ ನೋವು ಮರಳಿ ಬಂದರೆ, ಶಕ್ತಿ ಮತ್ತೆ ಕುಂದಿದರೆ, ಜ್ವರ ಬಂದು ಗಾಯ ಸೋರಿದರೆ, ಅಥವಾ ಬರಬೇಕಾದ ಸಮಯಕ್ಕೆ ಶಕ್ತಿ ಬಾರದಿದ್ದರೆ ಆಗ ಮತ್ತೆ ಎಂ.ಆರ್.ಐ. ಬೇಕಾಗುತ್ತದೆ.

ಅಲ್ಲಿಯವರೆಗೆ ನಿಮ್ಮ ಪಾಲಿನ ಕೆಲಸವೂ ಇದೆ. ಹೇಳಿಕೊಟ್ಟ ವ್ಯಾಯಾಮವನ್ನು ದಿನವೂ ಮಾಡಿರಿ. ಪಾದ ಜೋತುಬಿದ್ದಿದ್ದರೆ ಕೊಟ್ಟಿರುವ ಪಟ್ಟಿಯನ್ನು ಕಟ್ಟಿಕೊಂಡೇ ನಡೆಯಿರಿ. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಲಿ. ಬೀಡಿ, ತಂಬಾಕು ಬಿಡಿರಿ. ಜೋಮು ಇರುವ ಕೈಗೆ ಬಿಸಿ ತಿಳಿಯುವುದಿಲ್ಲ. ರೊಟ್ಟಿ ಹಂಚು, ಬೆಲ್ಲದ ಕಡಾಯಿಯ ಹತ್ತಿರ ಎಚ್ಚರವಿರಲಿ. ಮರಗಟ್ಟಿದ ಕಾಲಿಗೆ ಕಾದ ಇಟ್ಟಿಗೆಯ ಕಾವು ಕೊಡುವುದು, ಬರೆ ಹಾಕಿಸುವುದು, ಜೋರಾಗಿ ತಿಕ್ಕಿಸಿ ಕುತ್ತಿಗೆ-ಸೊಂಟ ತಿರುವಿಸುವುದು ಬೇಡವೇ ಬೇಡ. ಸುಟ್ಟ ಗಾಯ ಮೂಲ ರೋಗಕ್ಕಿಂತ ಹೆಚ್ಚು ಕಾಡುತ್ತದೆ.

ಪರೀಕ್ಷೆಗೆ ಹೋಗುವ ಮುನ್ನ

ಯಂತ್ರದ ಅಯಸ್ಕಾಂತ ಯಾವಾಗಲೂ ಚಾಲೂ ಇರುತ್ತದೆ. ಆದ್ದರಿಂದ ಕೆಳಗಿನವನ್ನು ಮೊದಲೇ ತಿಳಿಸಿರಿ.

* ಹೃದಯದಲ್ಲಿ ಪೇಸ್‌ಮೇಕರ್, ಕಿವಿಯೊಳಗೆ ಅಳವಡಿಸಿದ ಯಂತ್ರ, ಮೆದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್ ಇದ್ದರೆ ತಪ್ಪದೆ ಹೇಳಿರಿ. ಅದರ ಕಾಗದಪತ್ರ ತನ್ನಿರಿ.
* ವೆಲ್ಡಿಂಗ್, ಲೇತ್ ಕೆಲಸ ಮಾಡುವಾಗ ಕಣ್ಣಿಗೆ ಕಬ್ಬಿಣದ ಚೂರು ಸಿಡಿದಿದ್ದರೆ ಹೇಳಿರಿ.
* ಎಲುಬಿಗೆ ಹಾಕಿದ ರಾಡು, ಪ್ಲೇಟು, ತಾಯಂದಿರು ಹಾಕಿಸಿಕೊಂಡ ಕಾಪರ್-ಟಿ ಇದ್ದರೂ ಹೆಚ್ಚಿನ ಸಂದರ್ಭದಲ್ಲಿ ಪರೀಕ್ಷೆ ಮಾಡಬಹುದು. ಆದರೆ ತಿಳಿಸುವುದು ಕಡ್ಡಾಯ.
* ಗರ್ಭಿಣಿಯಾಗಿದ್ದರೆ, ಮೂತ್ರಪಿಂಡದ ತೊಂದರೆ ಇದ್ದರೆ ಹೇಳಿರಿ. ಕೆಲವೊಮ್ಮೆ ಕೊಡುವ ಗ್ಯಾಡೊಲಿನಿಯಂ ಎಂಬ ಇಂಜೆಕ್ಷನ್ ಇವರಿಗೆ ತಕ್ಕುದಲ್ಲದಿರಬಹುದು.
* ತಾಳಿ, ಕಾಲುಂಗುರ, ಮೂಗುತಿ, ಬೆಳ್ಳಿಯ ಉಡದಾರ, ತಾಯತ, ಗಡಿಯಾರ, ಮೊಬೈಲು, ನಾಣ್ಯ, ಹೇರ್‌ಪಿನ್ ಎಲ್ಲವನ್ನೂ ತೆಗೆದು ಬಂಧುಗಳ ಕೈಗೆ ಕೊಡಿರಿ.
* ಇಷ್ಟಲಿಂಗ ಧರಿಸಿದವರು ಬೆಳ್ಳಿಯ ಕರಡಿಗೆಯ ವಿಷಯವನ್ನು ಸಿಬ್ಬಂದಿಗೆ ಮೊದಲೇ ತಿಳಿಸಿರಿ. ಲೋಹ ಬಿಸಿಯಾಗಬಹುದು, ಚಿತ್ರವೂ ಕೆಡುತ್ತದೆ. ಪರೀಕ್ಷೆ ಮುಗಿಯುವವರೆಗೆ ಶುಭ್ರ ವಸ್ತ್ರದಲ್ಲಿ ಸುತ್ತಿ ಮನೆಯವರ ಕೈಗೆ ಕೊಟ್ಟಿರಿ. ಹೇಳದೆ ಬಟ್ಟೆಯೊಳಗೆ ಇಟ್ಟುಕೊಳ್ಳಬೇಡಿರಿ.
* ಬಂಧುಗಳು ಕಬ್ಬಿಣದ ಗಾಲಿಕುರ್ಚಿ, ಸ್ಟ್ರೆಚರ್, ಆಕ್ಸಿಜನ್ ಸಿಲಿಂಡರ್ ಸಮೇತ ಎಂದಿಗೂ ಒಳಗೆ ನುಗ್ಗಬಾರದು. ಅಯಸ್ಕಾಂತ ಅವುಗಳನ್ನು ಗುಂಡಿನಂತೆ ಎಳೆದುಕೊಳ್ಳುತ್ತದೆ, ಪ್ರಾಣಾಪಾಯವಾಗುತ್ತದೆ.

ಪರೀಕ್ಷೆ 20ರಿಂದ 45 ನಿಮಿಷ ನಡೆಯಬಹುದು. ಮಗ್ಗದ ಮನೆಯಲ್ಲಿ ಕುಳಿತಂತೆ ಟಕಟಕ ಸದ್ದು ಬರುತ್ತದೆ, ಕಿವಿಗೆ ಹತ್ತಿ ಅಥವಾ ಮುಚ್ಚಳ ಕೊಡುತ್ತಾರೆ. ಅಲುಗಾಡದೆ ಮಲಗಬೇಕು. ಭಯವಾದರೆ ಒತ್ತಲು ಕೈಯಲ್ಲಿ ಒಂದು ಗುಂಡಿ ಕೊಟ್ಟಿರುತ್ತಾರೆ. ಹಳೆಯ ಫಿಲ್ಮು, ಸಿ.ಡಿ.ಗಳನ್ನು ತಪ್ಪದೆ ತನ್ನಿರಿ. ಎಷ್ಟೋ ಸಲ ಹಳೆಯದು ಸಿಕ್ಕರೆ ಹೊಸದರ ಖರ್ಚೇ ಉಳಿಯುತ್ತದೆ.

ಇವಿದ್ದರೆ ಒಂದು ದಿನವೂ ತಡ ಮಾಡಬೇಡಿರಿ

* ಮೂತ್ರ ಕಟ್ಟಿಕೊಳ್ಳುವುದು, ಅಥವಾ ಮಲಮೂತ್ರ ಗೊತ್ತಾಗದೆ ಹೋಗುವುದು.
* ಕುದುರೆ ಮೇಲೆ ಕುಳಿತಾಗ ತಾಗುವ ಭಾಗ, ಅಂದರೆ ತೊಡೆಸಂದು ಮತ್ತು ಗುದದ ಸುತ್ತ ಮರಗಟ್ಟುವುದು.
* ಎರಡೂ ಕಾಲುಗಳ ಶಕ್ತಿ ಕುಂದುವುದು, ಪಾದ ಜೋತುಬೀಳುವುದು.
* ಕೈಬೆರಳು ಮೊಂಡಾಗಿ ಗುಂಡಿ ಹಾಕಲು, ಎಳೆಗೆ ಗಂಟು ಹಾಕಲು ಬಾರದಿರುವುದು, ಜೊತೆಗೆ ಕತ್ತಲಲ್ಲಿ ನಡೆದರೆ ಓಲಾಡುವುದು. ಇದು ಕುತ್ತಿಗೆಯಲ್ಲಿ ಬೆನ್ನುಹುರಿಯೇ ಒತ್ತುತ್ತಿರುವ ಗುರುತು. ನೋವಿಲ್ಲದೆಯೂ ಬರಬಹುದು, ಆದ್ದರಿಂದ ಜನ ಇದನ್ನು ವಯಸ್ಸಿನ ಮೇಲೆ ಹಾಕಿ ಸುಮ್ಮನಾಗುತ್ತಾರೆ.

ಮೊದಲ ಎರಡು ಗುರುತು ಕಂಡರೆ ಅದೇ ದಿನ ಎಂ.ಆರ್.ಐ. ಆಗಬೇಕು. 48 ಗಂಟೆಯೊಳಗೆ ಒತ್ತಡ ತೆಗೆದರೆ ಮೂತ್ರದ ಹತೋಟಿ ಮರಳುವ ಸಂಭವ ಹೆಚ್ಚು. ತಡವಾದರೆ ಜೀವನವಿಡೀ ನಳಿಕೆಯೊಡನೆ ಇರಬೇಕಾದೀತು. ನಾಚಿಕೆಯಿಂದ ಈ ಲಕ್ಷಣಗಳನ್ನು ಹೇಳದೆ ಮುಚ್ಚಿಡಬೇಡಿರಿ. ತಾಯಂದಿರು ಪುರುಷ ವೈದ್ಯರಿಗೆ ಹೇಳಲು ಸಂಕೋಚವಾದರೆ ನರ್ಸಮ್ಮನವರಿಗೆ ಹೇಳಿರಿ.

ಎಲ್ಲಿಗೆ ಹೋಗಬೇಕು, ಖರ್ಚು ಹೇಗೆ?

ನಮ್ಮ ಭಾಗದವರು ಬಾಗಲಕೋಟೆ, ವಿಜಯಪುರ, ಬೆಳಗಾವಿಗಳ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿಗೆ, ಹುಬ್ಬಳ್ಳಿಯಲ್ಲಿ ಜನ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ಆಸ್ಪತ್ರೆಗೆ, ಗಡಿಯಾಚೆ ಮೀರಜಿಗೆ ಹೋಗುವ ರೂಢಿಯಿದೆ. ಕ್ಲಿಷ್ಟವಾದ ನರರೋಗಗಳಿಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಎಲ್ಲಿಗೆ ಹೋಗುವುದೆಂದು ನಿಮ್ಮ ವೈದ್ಯರನ್ನು ಕೇಳಿ, ಪತ್ರ ಬರೆಸಿಕೊಂಡು ಹೋಗಿರಿ. "ಎಂ.ಆರ್.ಐ." ಎಂದಷ್ಟೇ ಹೇಳದೆ ಯಾವ ಭಾಗದ್ದು, ಯಾವ ಸಂಶಯಕ್ಕೆ ಎಂಬುದು ಪತ್ರದಲ್ಲಿರಲಿ.

ರೇಷನ್ ಕಾರ್ಡು, ಆಧಾರ್ ಕಾರ್ಡು ಜೊತೆಗಿರಲಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಯಾವುದಕ್ಕೆ ಸಹಾಯ ಸಿಗುತ್ತದೆ ಎಂದು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಕೇಳಿರಿ. ಸಹಕಾರಿ ಸಂಘದ ಸದಸ್ಯರಾದ ರೈತರು, ನೇಕಾರರು 2022ರಲ್ಲಿ ಮತ್ತೆ ಆರಂಭವಾದ ಯಶಸ್ವಿನಿ ಯೋಜನೆಯನ್ನು ತಮ್ಮ ಸಂಘದಲ್ಲಿ ವಿಚಾರಿಸಿರಿ. ಸಾಲ ಮಾಡುವ ಮೊದಲು ಕೇಳಿ ತಿಳಿಯುವುದರಲ್ಲಿ ಸಂಕೋಚ ಬೇಡ.

ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು

1. ನನ್ನ ತೊಂದರೆಗೂ ಚಿತ್ರದಲ್ಲಿ ಕಂಡಿದ್ದಕ್ಕೂ ಹೊಂದಿಕೆಯಾಗುತ್ತದೆಯೇ?
2. ನರದ ಹೊದಿಕೆಗೆ ಮಾತ್ರ ಪೆಟ್ಟೋ, ಎಳೆಗೇ ಪೆಟ್ಟೋ?
3. ಎಷ್ಟು ವಾರ ಕಾಯಬಹುದು? ಯಾವ ಗುರುತು ಕಂಡರೆ ಕೂಡಲೇ ಬರಬೇಕು?
4. ಆಪರೇಷನ್ನಿನಿಂದ ಹೋಗುವುದು ನೋವೋ, ಶಕ್ತಿಹೀನತೆಯೋ, ಜೋಮೋ?
5. ಮತ್ತೆ ಕಾಯಕಕ್ಕೆ ಹೋಗುವುದು ಯಾವಾಗ?

ಈ ಐದು ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿರಿ, ಸರದಿ ಬಂದಾಗ ಒಂದೊಂದಾಗಿ ಕೇಳಿರಿ. ತಿಳಿಯದಿದ್ದರೆ ಮತ್ತೊಮ್ಮೆ ಕೇಳಿರಿ. ಈ ಪತ್ರಿಕೆಯನ್ನು ಓದಿದ ಮೇಲೆ ಎಸೆಯದೆ ಪಕ್ಕದ ಮಂಚದವರಿಗೆ ಕೊಡಿರಿ.